ಕಣ್ಣಿಗೂ ಬೆಂಕಿಗೂ ನಡುವೆ ಒಂದು ಗೇಣು



ಎನ್.ಸಿ.ಸಿ. ಶಿಬಿರಗಳಲ್ಲಿ ನೆಲದ ಮೇಲೆ ಬೋರಲಾಗಿ ಮಲಗಿ, ರೈಫಲ್ಲಿನ ಮರಕ್ಕೆ ಕೆನ್ನೆಯೊತ್ತಿ ಗುರಿ ಹಿಡಿದವರು ನಿಮ್ಮಲ್ಲಿ ಹಲವರಿದ್ದೀರಿ. ಆಗ ನಿಮ್ಮ ತೆರೆದ ಕಣ್ಣು ಬೋಲ್ಟಿನ ಹಿಂತುದಿಯಿಂದ ಹೆಚ್ಚುಕಡಿಮೆ ಒಂದು ಗೇಣು ದೂರದಲ್ಲಿತ್ತು. ಬೋಲ್ಟ್ ಎಂದರೆ ನಳಿಗೆಯ ಬುಡವನ್ನು ಮುಚ್ಚುವ ಉಕ್ಕಿನ ಅಗುಳಿ. ಅದರ ಮುಂದೆಯೇ ತೋಟಾದೊಳಗಿನ ಮದ್ದು ಉರಿಯುತ್ತದೆ. ಸೈನ್ಯದ ರೈಫಲ್ಲುಗಳಲ್ಲಿ ಆ ಕ್ಷಣದ ಅನಿಲದ ಒತ್ತಡ ವಾತಾವರಣದ ಒತ್ತಡಕ್ಕಿಂತ 3,000 ಪಟ್ಟಿಗೂ ಹೆಚ್ಚು. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನೊಳಗೆ ಅದು ಸುಮಾರು 2 ಪಟ್ಟು ಮಾತ್ರ. ಹೀಗಿದ್ದೂ ಲಕ್ಷಾಂತರ ಜನ ಗುಂಡು ಹಾರಿಸಿ ಕಣ್ಣು ಉಳಿಸಿಕೊಂಡದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಬಾಯಿಯಿಂದ ಮದ್ದು ತುಂಬುತ್ತಿದ್ದ ಹಳೆಯ ಕೋವಿಗಳಲ್ಲಿ ನಳಿಗೆಯ ಬುಡ ಮುಚ್ಚಿಯೇ ಇರುತ್ತಿತ್ತು. ಬೇಗಬೇಗನೆ ತುಂಬಬೇಕೆಂದು ಬುಡವನ್ನು ತೆರೆದು ಮುಚ್ಚುವಂತೆ ಮಾಡಿದಾಗ ಸೋರಿಕೆಯ ಸಮಸ್ಯೆ ಹುಟ್ಟಿತು. ಜರ್ಮನಿಯ ಯೋಹಾನ್ ನಿಕೋಲಾಸ್ ಡ್ರೈಸೆ ರೂಪಿಸಿದ ‘ಸೂಜಿ ಕೋವಿ’ಯನ್ನು ಪ್ರಷ್ಯಾ 1841ರಲ್ಲಿ ಅಂಗೀಕರಿಸಿತು. ಉದ್ದನೆಯ ಸೂಜಿಯೊಂದು ಕಾಗದದ ತೋಟಾವನ್ನು ತೂರಿ ಹೋಗಿ ಕಿಡಿ ಹೊತ್ತಿಸುತ್ತಿತ್ತು. 1866ರಲ್ಲಿ ಆಸ್ಟ್ರಿಯಾದ ಮೇಲೆ ಪ್ರಷ್ಯಾ ಸಾಧಿಸಿದ ಗೆಲುವಿನಲ್ಲಿ ಈ ಕೋವಿಗೆ ದೊಡ್ಡ ಪಾಲಿದೆ. ಆದರೆ ಲೋಹಕ್ಕೆ ಲೋಹ ಒತ್ತಿ ಮುಚ್ಚುವ ಅದರ ಸಂದಿಯಿಂದ ಬಿಸಿ ಅನಿಲ ಹಿಂದಕ್ಕೆ ಸೋರುತ್ತಿತ್ತು. ಮುಖ ಸುಟ್ಟೀತೆಂಬ ಭಯದಿಂದ ಕೋವಿಯನ್ನು ಭುಜಕ್ಕೇರಿಸದೆ ಸೊಂಟದ ಬಳಿ ಹಿಡಿದೇ ಹಾರಿಸಿದ ಸಿಪಾಯಿಗಳೂ ಇದ್ದರು. ಗೆದ್ದ ಸೈನ್ಯದ ಸಿಪಾಯಿ ತನ್ನ ಆಯುಧಕ್ಕೇ ಹೆದರಬೇಕಾದ ಸ್ಥಿತಿ ಅದು.

ಅದೇ 1866ರಲ್ಲಿ ಫ್ರಾನ್ಸ್ ಅಂಗೀಕರಿಸಿದ ಶಾಸ್ಪೋ ರೈಫಲ್ಲಿನಲ್ಲಿ ಬೋಲ್ಟಿನ ತಲೆಯ ಹಿಂದೆ ರಬ್ಬರಿನ ಉಂಗುರವಿತ್ತು. ಅನಿಲ ಒತ್ತಿದಾಗ ರಬ್ಬರು ಅಗಲಗೊಂಡು ಸಂದಿಯನ್ನು ಮುಚ್ಚುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ಟಿಗೆ ಇದನ್ನು ಹೋಲಿಸಬಹುದು. ಕುಕ್ಕರಿನ ಗ್ಯಾಸ್ಕೆಟ್ಟಿನಂತೆಯೇ ಇದೂ ಶಾಖಕ್ಕೆ ಸವೆಯುತ್ತಿತ್ತು, ಆಗಾಗ ಬದಲಾಯಿಸಬೇಕಾಗುತ್ತಿತ್ತು.

ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಹಿತ್ತಾಳೆ. ಹಿತ್ತಾಳೆಯ ತೋಟಾದ ತೆಳು ಗೋಡೆ ಮದ್ದು ಉರಿದೊಡನೆ ಉಬ್ಬಿ ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಬಿಡಿಸಿಕೊಳ್ಳುತ್ತದೆ. ಪ್ರತಿ ಗುಂಡಿಗೂ ಒಂದು ಹೊಸ ಗ್ಯಾಸ್ಕೆಟ್ ದೊರೆತಂತಾಯಿತು. ಆದರೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆರಹಿತ ಮದ್ದನ್ನು ಕಂಡುಹಿಡಿದ ಮೇಲೆ ಒತ್ತಡ ಬಹಳವಾಗಿ ಏರಿತು. ಹಿತ್ತಾಳೆ ಎಂದಾದರೊಮ್ಮೆ ಬಿರಿಯುತ್ತದೆ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಎಂಬ ಪುಟ್ಟ ಬಟ್ಟಲು ಎಂದಾದರೊಮ್ಮೆ ತೂತಾಗುತ್ತದೆ. ತೂತಾದರೆ ಅನಿಲವು ಫೈರಿಂಗ್ ಪಿನ್ನಿನ ರಂಧ್ರದಿಂದ ಟೊಳ್ಳಾದ ಬೋಲ್ಟಿನೊಳಗೆ ನುಗ್ಗುತ್ತದೆ. ಆ ಕೊಳವೆ ನೇರವಾಗಿ ತೆರೆಯುವುದು ಗುರಿಕಾರನ ಮುಖದ ಕಡೆಗೆ.

ಇಲ್ಲಿ ಪೌಲ್ ಮೌಸರನ ಹೆಸರು ಬರುತ್ತದೆ. 1838ರಲ್ಲಿ ನೆಕ್ಕರ್ ನದೀತೀರದ ಓಬರ್ನ್‌ಡಾರ್ಫಿನಲ್ಲಿ ಹುಟ್ಟಿದ ಈತ ಹಲವು ಮಾದರಿಗಳನ್ನು ತಿದ್ದಿ ತಿದ್ದಿ ರೂಪಿಸಿದ ರೈಫಲ್ಲನ್ನು ಜರ್ಮನಿ 1898ರಲ್ಲಿ ಅಂಗೀಕರಿಸಿತು. ತೋಟಾ ಎಂದೂ ಒಡೆಯುವುದಿಲ್ಲವೆಂದು ಮೌಸರ್ ನಂಬಿ ಕೂರಲಿಲ್ಲ. ಒಡೆದಾಗ ಅನಿಲ ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಂಡ. ಬೋಲ್ಟಿನ ಮುಂಭಾಗದಲ್ಲಿ ಎರಡು ದೊಡ್ಡ ರಂಧ್ರಗಳನ್ನಿಟ್ಟ. ಒಳನುಗ್ಗಿದ ಅನಿಲ ಅವುಗಳ ಮೂಲಕ ಎಡಬದಿಯ ತೋಡಿಗೆ ಬಂದು, ಮುಖದಿಂದ ದೂರವಾಗಿ ಹೊರಗೆ ಹೋಗುತ್ತದೆ. ಅಷ್ಟನ್ನೂ ಮೀರಿ ಹಿಂದಕ್ಕೆ ಬಂದ ಅನಿಲವನ್ನು ತಡೆದು ಪಕ್ಕಕ್ಕೆ ತಿರುಗಿಸಲು ಬೋಲ್ಟಿನ ಹಿಂಬದಿಯ ಕವಚಕ್ಕೆ ಅಗಲವಾದ ಅಂಚನ್ನು ಕೊಟ್ಟ. ಬೋಲ್ಟನ್ನು ಬಿಗಿಹಿಡಿಯಲು ಮುಂತುದಿಯಲ್ಲಿ ಎರಡು ಗಟ್ಟಿ ಲಗ್ಗುಗಳಿದ್ದವು. ಅವು ಮುರಿದರೂ ಬೋಲ್ಟ್ ಹಿಂದಕ್ಕೆ ಹಾರದಂತೆ ಹಿಂಭಾಗದಲ್ಲಿ ಮೂರನೆಯದೊಂದನ್ನು ಸೇರಿಸಿದ. ದಿನನಿತ್ಯ ಯಾವ ಭಾರವನ್ನೂ ಹೊರದೆ, ಆಪತ್ತಿಗೆಂದೇ ಕಾದಿರುವ ಭಾಗವದು.

ವಿಧಿಯ ವ್ಯಂಗ್ಯವೆಂದರೆ 1901ರಲ್ಲಿ, ತಾನಾಗಿಯೇ ತೋಟಾ ತುಂಬಿಕೊಳ್ಳುವ ಹೊಸ ರೈಫಲ್ಲೊಂದನ್ನು ಪರೀಕ್ಷಿಸುವಾಗ ಅವಘಡವಾಗಿ ಮೌಸರ್ ತನ್ನ ಎಡಗಣ್ಣನ್ನೇ ಕಳೆದುಕೊಂಡ. ಕಣ್ಣು ಹೋದ ಮೇಲೆ ಬುದ್ಧಿ ಬಂತೆಂದು ಯಾರೂ ತಿಳಿಯಬಾರದು. ಪರರ ಕಣ್ಣಿಗಾಗಿ ಆತ ಎಚ್ಚರ ವಹಿಸಿದ್ದು ಅದಕ್ಕೂ ಮೂರು ವರ್ಷ ಮೊದಲು. ಹಳೆಯ ಯಂತ್ರಕ್ಕೆ ಕಲಿಸಿದ ಪಾಠವನ್ನು ಹೊಸ ಯಂತ್ರಕ್ಕೆ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ.

ಅಮೆರಿಕದ ಕಥೆಯೂ ಕಣ್ಣಿನದೇ. ಮೌಸರನ ತತ್ತ್ವಗಳನ್ನು ಬಳಸಿದ್ದಕ್ಕಾಗಿ ಗೌರವಧನ ತೆತ್ತು ಆ ದೇಶ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ಲನ್ನು ತಯಾರಿಸಿತು. ಆದರೆ ಹಿಂಬದಿಯ ಆ ಅಗಲ ಅಂಚನ್ನು ಅದರಲ್ಲಿ ಅಳವಡಿಸಲಿಲ್ಲ. 1917ರಲ್ಲಿ ಕೆಲವು ರೈಫಲ್ಲುಗಳು ಸಿಡಿದಾಗ ತನಿಖೆ ನಡೆಯಿತು. ಉಕ್ಕನ್ನು ಕಾಯಿಸುವ ಕುಶಲಕರ್ಮಿಗಳು ಅದರ ಬಣ್ಣವನ್ನು ಕಣ್ಣಳತೆಯಿಂದ ನೋಡಿ ಶಾಖವನ್ನು ನಿರ್ಧರಿಸುತ್ತಿದ್ದರು. ಉಷ್ಣಮಾಪಕ ಇಟ್ಟು ನೋಡಿದಾಗ, ಪ್ರಖರ ಬಿಸಿಲಿನ ದಿನ ಅವರು ‘ಸರಿ’ ಎಂದ ಶಾಖ, ಮೋಡ ಕವಿದ ದಿನಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೆಚ್ಚಿರುತ್ತಿತ್ತೆಂದು ತಿಳಿಯಿತು. ಅತಿಯಾಗಿ ಕಾದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ತೋಟಾ ಬಿರಿದು ಅನಿಲ ನುಗ್ಗಿದರೆ ಅದು ಬಾಗದೆ ಚೂರಾಗುತ್ತದೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರೈಫಲ್ಲುಗಳ ಮೇಲೆ ಅಂದಿನಿಂದ ಸಂಶಯ ಉಳಿಯಿತು. ಈ ವಿವರಗಳನ್ನು ಜೂಲಿಯನ್ ಹ್ಯಾಚರ್ ಎಂಬ ಸೇನಾಧಿಕಾರಿ 1947ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. 1930ರ ದಶಕದಲ್ಲಿ ಆ ರೈಫಲ್ಲಿನ ಎಡಬದಿಯಲ್ಲಿ ಅನಿಲ ಹೊರಹೋಗಲು ಕೊರೆದ ಪುಟ್ಟ ರಂಧ್ರಕ್ಕೆ ‘ಹ್ಯಾಚರ್ ರಂಧ್ರ’ವೆಂದೇ ಹೆಸರಾಯಿತು.

ಕೊಲ್ಲುವ ಆಯುಧದಲ್ಲಿ ಕಾಯುವ ಮಾತೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ ಅದು. ಹಿಂದೆ ನಿಂತವನಿಗೆ ದೊರೆತ ಈ ಕಾಳಜಿ ಎದುರಿಗೆ ನಿಂತವನಿಗೆ ದೊರೆಯಲಿಲ್ಲ. 1914ರ ನಂತರದ ಯುರೋಪು ಅದಕ್ಕೆ ಸಾಕ್ಷಿ. ಆದರೂ ಹೊಲ, ಅಂಗಡಿಗಳಿಂದ ಬಂದು ಸಮವಸ್ತ್ರ ತೊಟ್ಟ ಹುಡುಗನೊಬ್ಬ ತನ್ನ ಕೈಯಲ್ಲಿದ್ದ ಯಂತ್ರದಿಂದಲೇ ಕುರುಡನಾಗಬಾರದೆಂದು ಒಬ್ಬ ಯೋಚಿಸಿದ್ದು ಸಣ್ಣ ಸಂಗತಿಯಲ್ಲ.

ನಾನು ಮೆಚ್ಚುವುದು ಆ ಆಯುಧವನ್ನಲ್ಲ, ಅದರ ಹಿಂದಿನ ವಿವೇಕವನ್ನು. ತಪ್ಪಾಗದಂತೆ ನೋಡಿಕೊಳ್ಳಬೇಕು, ನಿಜ; ಆದರೂ ತಪ್ಪಾದರೆ ಅದರ ಪೆಟ್ಟು ಯಾರ ಮುಖಕ್ಕೆ ಬೀಳುತ್ತದೆಂದು ಮೊದಲೇ ಯೋಚಿಸಿ, ಅದಕ್ಕೆ ಬೇರೆ ದಾರಿ ಕೊರೆದಿಡಬೇಕು. ನಿಮ್ಮಲ್ಲಿ ಸೇತುವೆ ಕಟ್ಟುವವರಿದ್ದೀರಿ, ಔಷಧ ಕೊಡುವವರಿದ್ದೀರಿ, ಮಕ್ಕಳಿಗೆ ಪಾಠ ಹೇಳುವವರೂ ಇದ್ದೀರಿ. ನಾಳೆ ಬೆಳಿಗ್ಗೆ ಕುಕ್ಕರಿನ ಮುಚ್ಚಳ ಹಾಕುವಾಗ ಅದರ ಸೇಫ್ಟಿ ವಾಲ್ವನ್ನು ಒಮ್ಮೆ ನೋಡಿ. ಅಲ್ಲಿಯೂ ಯಾರೋ ನಿಮ್ಮ ಮುಖವನ್ನು ನೆನೆದಿದ್ದಾರೆ.