ಹಂಚಿನ ಕಾರ್ಖಾನೆಯ ಮೂರು ತಲೆಮಾರು

“ಈಗಿನ ಮಕ್ಕಳಿಗೆ ಮೈಬಗ್ಗಿಸಿ ದುಡಿಯುವ ಅಭ್ಯಾಸವಿಲ್ಲ” ಎಂಬ ಮಾತನ್ನು ನಮ್ಮ ಸಭೆಗಳ ಹಿರಿಯರಿಂದ ಆಗಾಗ ಕೇಳುತ್ತೇವೆ. ಈ ಆಕ್ಷೇಪ ಹೊಸದಲ್ಲ. ಕರಾವಳಿಯ ಕ್ರೈಸ್ತ ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, ಮೊದಲು ಅದಕ್ಕೆ ಗುರಿಯಾದವರು ನಾವಿಂದು ಶ್ರಮಜೀವಿಗಳೆಂದು ಕೊಂಡಾಡುವ ಮುತ್ತಜ್ಜಂದಿರೇ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದರು. ಅವರ ಬೋಧನೆಗೆ ಓಗೊಟ್ಟವರಲ್ಲಿ ಬಿಲ್ಲವರು ಬಹುಮಂದಿ. ಸಭೆಗೆ ಸೇರಿದವರು ಶೇಂದಿ ಇಳಿಸುವ ಕಸುಬನ್ನು ಬಿಡಬೇಕಾಗಿತ್ತು. ಗೇಣಿಯ ಭೂಮಿಯನ್ನೂ ಕುಲದವರ ಆಸರೆಯನ್ನೂ ಕಳೆದುಕೊಂಡವರು ಹಲವರು. ಅವರಿಗೆ ಅನ್ನದ ದಾರಿ ತೋರುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಬೇಸಾಯದ ಪ್ರಯತ್ನಗಳು ಅಷ್ಟಾಗಿ ಕೈಗೂಡಲಿಲ್ಲ, ನೇಯ್ಗೆ ಕೈಹಿಡಿಯಿತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹನ್ನೆರಡು ಮಂದಿ ಆಳುಗಳು, ಜೇಡಿಮಣ್ಣು ತುಳಿಯಲು ಎರಡು ಎತ್ತುಗಳು, ದಿನಕ್ಕೆ 560 ಹಂಚು: ಆರಂಭ ಇಷ್ಟೇ. 1881ರ ಹೊತ್ತಿಗೆ ಅಲ್ಲಿ ಉಗಿಯಂತ್ರವೇ ಬಂದಿತ್ತು.

ಈ ಮಿಶನರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಕೈಕೆಲಸವೂ ಪ್ರಾರ್ಥನೆಯಷ್ಟೇ ಪವಿತ್ರವೆಂಬುದು ಅವರು ತೊಟ್ಟಿಲಲ್ಲಿ ಕಲಿತ ಪಾಠ. ನಮ್ಮವರಾದರೋ ಮಳೆ ಬಂದಾಗ ಹಗಲಿರುಳು ಗೇಯ್ದು, ಬೆಳೆ ಕೈಸೇರಿದ ಮೇಲೆ ಕೋಲ, ಜಾತ್ರೆ, ನೆಂಟರಿಷ್ಟರೆಂದು ಬಾಳಿದವರು. ಅಂಥವರು ದಿನವೂ ಗಂಟೆಯ ಸದ್ದಿಗೆ ಎದ್ದು, ಪ್ರಾರ್ಥನೆ ಮುಗಿಸಿ, ಗಡಿಯಾರ ಹೇಳಿದಷ್ಟು ಹೊತ್ತು ಒಂದೇ ಕೆಲಸ ಮಾಡಬೇಕಾಯಿತು. ಅವರನ್ನು ಸೋಮಾರಿಗಳೆಂದು ಕರೆದದ್ದು ನನಗೆ ನ್ಯಾಯವೆನಿಸುವುದಿಲ್ಲ. ತೆಂಗಿನ ಮರವನ್ನು ದಿನಕ್ಕೆ ಎರಡು ಬಾರಿ ಹತ್ತಿಳಿಯುವವನಿಗೆ ದುಡಿಮೆಯ ಪಾಠ ಬೇಕಿತ್ತೇ? ಅವನಿಗೆ ಹೊಸದಾಗಿದ್ದುದು ಗಡಿಯಾರ ಮಾತ್ರ.

ಅವರ ಮಕ್ಕಳಿಗೆ ಗಂಟೆ ಹುಟ್ಟಿನಿಂದಲೇ ಪರಿಚಿತ. ಅಚ್ಚಿನಲ್ಲಿ ಹಂಚು ಒತ್ತುವುದು, ನೆರಳಲ್ಲಿ ಒಣಗಿಸುವುದು, ಗೂಡಿಗೆ ಸೌದೆ ಕೊಡುವ ಹದ, ಎಲ್ಲವೂ ಅವರಿಗೆ ಮನೆಯ ಮಾತು. ಆದರೆ ತಂದೆ ಕೂಲಿಯನ್ನು ಮಿಶನ್ನಿನ ಉಪಕಾರವೆಂದು ಪಡೆದಿದ್ದರೆ, ಮಗನಿಗೆ ಅದು ತನ್ನ ಬೆವರಿನ ಬೆಲೆಯಾಗಿ ಕಂಡಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿ ಇಡಲಾಯಿತು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಾರ್ಮಿಕನಿಗೂ ಒಡೆಯನಿಗೂ ನಡುವೆ ಇದ್ದ ಗುರು-ಶಿಷ್ಯರ ನಂಟು ಸಡಿಲಿತು. ಮುಂದೆ ಮಂಗಳೂರಿನಲ್ಲಿ ಕಾರ್ಮಿಕ ಸಂಘಗಳು ತಲೆಯೆತ್ತಿದಾಗ ಹಳಬರಲ್ಲಿ ಕೆಲವರಿಗಾದರೂ ಅದು ಕೃತಘ್ನತೆಯಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಮೂರನೆಯ ತಲೆಮಾರಂತೂ ಮಣ್ಣನ್ನೇ ಬಿಟ್ಟಿತು. ಇದಕ್ಕೆ ಕಾರಣವನ್ನು ಹುಡುಕಿ ದೂರ ಹೋಗಬೇಕಿಲ್ಲ. ಕಾರ್ಖಾನೆಗೆ ಎಷ್ಟೋ ಮೊದಲೇ, 1836ರಲ್ಲಿ, ಮಿಶನ್ ಮಂಗಳೂರಿನಲ್ಲಿ ಕನ್ನಡ ಶಾಲೆ ತೆರೆದಿತ್ತು. ಹಸಿ ಹಂಚನ್ನು ತಲೆಯ ಮೇಲೆ ಹೊತ್ತ ತಾಯಂದಿರು ಮಕ್ಕಳನ್ನು ಆ ಶಾಲೆಗಳಿಗೆ ಕಳುಹಿಸಿದ್ದು ಅವರೂ ಹಂಚು ಹೊರಲೆಂದಲ್ಲ. ಓದಿದವರು ಉಪಾಧ್ಯಾಯರಾದರು, ಗುಮಾಸ್ತರಾದರು, ದಾದಿಯರಾದರು. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಹೊರನಾಡಿನ ದಾರಿ ಇನ್ನಷ್ಟು ಹತ್ತಿರವಾಯಿತು. ಮುಂಬಯಿ ಕೆಲವರನ್ನು ಕರೆಯಿತು, 1970ರ ದಶಕದಿಂದ ಕೊಲ್ಲಿ ರಾಷ್ಟ್ರಗಳು ಮತ್ತಷ್ಟು ಮಂದಿಯನ್ನು ಕರೆದವು. ಪರಸ್ಥಳದಲ್ಲಿ ಹನ್ನೆರಡು ತಾಸು ದುಡಿದು ಮನೆಗೆ ಹಣ ಕಳುಹಿಸುವವನ ಬಗ್ಗೆ “ಮೈಬಗ್ಗಿಸುವುದಿಲ್ಲ” ಎಂದು ಊರಲ್ಲಿ ಕುಳಿತು ಹೇಳುವುದು ಸುಲಭ.

ಆ ಹಣದಿಂದ ಊರಿನಲ್ಲಿ ಹೊಸ ಮನೆಗಳೆದ್ದವು. ಅವುಗಳಲ್ಲಿ ಬಹುಪಾಲಿಗೆ ಕಾಂಕ್ರೀಟಿನ ತಾರಸಿ. ಹಂಚಿಗೆ ಬೇಡಿಕೆ ಕುಗ್ಗಿತು. ಮಣ್ಣು, ಸೌದೆ ದುಬಾರಿಯಾದವು. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು.