ಸಲಹೆಯಿಂದ ಸಹಕಾರಕ್ಕೆ: ಭಾರತ–ಭೂತಾನ ಸಂಬಂಧದಲ್ಲಿ ಒಂದು ವಿಧಿಯ ಚರಿತ್ರೆ

ಎರಡು ನೆರೆರಾಷ್ಟ್ರಗಳ ಸಂಬಂಧದ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಕೈಗೆ ಸಿಗುವ ಆಕರವೆಂದರೆ ಒಪ್ಪಂದದ ಪಠ್ಯ. ಅದು ಮುದ್ರಿತವಾಗಿರುತ್ತದೆ, ಅದಕ್ಕೆ ನಿಶ್ಚಿತ ದಿನಾಂಕವಿರುತ್ತದೆ, ವಿಧಿಗಳ ಸಂಖ್ಯೆಯಿರುತ್ತದೆ. ಆದರೆ ಪಠ್ಯ ಬದಲಾಗದೆ ಉಳಿದ ಕಾಲದಲ್ಲಿಯೂ ಸಂಬಂಧ ಬದಲಾಗುತ್ತಿರಬಹುದು. ಭಾರತ ಮತ್ತು ಭೂತಾನಗಳ ನಡುವಣ ಸಂಬಂಧ ಇದಕ್ಕೆ ಉತ್ತಮ ನಿದರ್ಶನ. ಭೂತಾನವು ತನ್ನ ವಿದೇಶ ವ್ಯವಹಾರಗಳಲ್ಲಿ ದಕ್ಷಿಣದ ನೆರೆಯವರ ಸಲಹೆಯಂತೆ ನಡೆಯತಕ್ಕದ್ದೆಂಬ ಒಂದು ವಿಧಿಯು 1910ರಿಂದ 2007ರವರೆಗೆ ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಉಳಿದುಬಂದಿತು. ಅದೇ ಅವಧಿಯಲ್ಲಿ ಭೂತಾನ ಸ್ವತಂತ್ರ ರಾಷ್ಟ್ರವಾಗಿ ಲೋಕದ ಮನ್ನಣೆಯನ್ನೂ ಪಡೆಯಿತು. ಈ ವಿರೋಧಾಭಾಸವನ್ನು ಬಿಡಿಸಿಕೊಳ್ಳಬೇಕಾದರೆ ಒಪ್ಪಂದಗಳ ಜೊತೆಗೆ ರಸ್ತೆಗಳನ್ನೂ ವಿದ್ಯುತ್ ಯೋಜನೆಗಳನ್ನೂ ಅವುಗಳ ಲೆಕ್ಕಪತ್ರಗಳನ್ನೂ ಓದಬೇಕಾಗುತ್ತದೆ ಎಂಬುದು ಪ್ರಸ್ತುತ ಲೇಖನದಲ್ಲಿ ನಾವು ಮುಂದಿಡುವ ವಿಚಾರ.

ಈ ಸಂಬಂಧದ ಮೂಲ ಒಂದು ಯುದ್ಧದಲ್ಲಿದೆ. 1864–65ರ ಯುದ್ಧದ ತರುವಾಯ 1865ರ ನವೆಂಬರಿನಲ್ಲಿ ಆದ ಸಿಂಚುಲಾ ಒಪ್ಪಂದದ ಮೂಲಕ ಬೆಟ್ಟದ ಬುಡದ ಫಲವತ್ತಾದ ದುವಾರ್ ಪ್ರದೇಶ ಬ್ರಿಟಿಷರ ವಶವಾಯಿತು. ಅದಕ್ಕೆ ಪ್ರತಿಯಾಗಿ ಅವರು ಭೂತಾನಕ್ಕೆ ಕೊಡಲೊಪ್ಪಿದ ವಾರ್ಷಿಕ ಹಣ ಕ್ರಮೇಣ ಏರಿ 50,000 ರೂಪಾಯಿಗಳಲ್ಲಿ ನಿಂತಿತು. 1907ರಲ್ಲಿ ಉಗ್ಯೆನ್ ವಾಂಗ್‌ಚುಕ್ ಅವರು ವಂಶಪಾರಂಪರ್ಯ ಹಕ್ಕಿನ ಅರಸರಾದರು. 1910ರ ಜನವರಿಯ ಪುನಾಖಾ ಒಪ್ಪಂದದಲ್ಲಿ ಈ ಮೊತ್ತ ಒಂದು ಲಕ್ಷಕ್ಕೆ ಏರಿತು. ಅದರೊಡನೆಯೇ, ಬ್ರಿಟಿಷರು ಭೂತಾನದ ಆಂತರಿಕ ಆಡಳಿತದಲ್ಲಿ ಕೈಹಾಕುವುದಿಲ್ಲವೆಂದೂ ಬಾಹ್ಯ ಸಂಬಂಧಗಳಲ್ಲಿ ಭೂತಾನ ಅವರ ಸಲಹೆಯಂತೆ ನಡೆಯುವುದೆಂದೂ ತೀರ್ಮಾನವಾಯಿತು.

ಮೈಸೂರಿನ ಚರಿತ್ರೆಯನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ಭೇದ ಕೂಡಲೇ ಹೊಳೆಯುತ್ತದೆ. 1799ರ ಸಹಾಯಕ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು. ಅಲ್ಲಿ ಹಣ ಸಂಸ್ಥಾನದಿಂದ ಸಾಮ್ರಾಜ್ಯದ ಕಡೆಗೆ ಹರಿಯುತ್ತಿದ್ದರೆ ಇಲ್ಲಿ ಸಾಮ್ರಾಜ್ಯದಿಂದ ಬೆಟ್ಟದ ನಾಡಿನ ಕಡೆಗೆ ಹರಿಯಿತು. ಮೈಸೂರು 1947ರ ಆಗಸ್ಟಿನಲ್ಲಿ ಭಾರತ ಒಕ್ಕೂಟವನ್ನು ಸೇರಿತು. ಭೂತಾನದ ಮುಂದೆ ಆ ಪ್ರಶ್ನೆ ಅದೇ ರೂಪದಲ್ಲಿ ಬರಲಿಲ್ಲ. ಅದೇ ವರ್ಷ ದೆಹಲಿಯಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನದಲ್ಲಿ ಭೂತಾನದ ಪ್ರತಿನಿಧಿಗಳು ಪಾಲ್ಗೊಂಡಿದ್ದರು. ಹೊಸ ಭಾರತವು ಭೂತಾನವನ್ನು ತನ್ನ ಸಂಸ್ಥಾನಗಳಲ್ಲೊಂದೆಂದು ಎಣಿಸಲಿಲ್ಲವೆಂಬುದು ಮುಂದಿನ ಬೆಳವಣಿಗೆಗಳಿಗೆ ಅಡಿಪಾಯವಾಯಿತು.

1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಸ್ವತಂತ್ರ ಭಾರತ ಮತ್ತು ಭೂತಾನಗಳ ನಡುವೆ ಮೈತ್ರಿ ಒಪ್ಪಂದವಾಯಿತು. ವಾರ್ಷಿಕ ಹಣ 5 ಲಕ್ಷ ರೂಪಾಯಿಗಳಾಯಿತು. ದೇವನ್‌ಗಿರಿ ಎಂಬಲ್ಲಿ ಸುಮಾರು 32 ಚದರ ಮೈಲಿ ನೆಲ ಭೂತಾನಕ್ಕೆ ಮರಳಿತು. ಮುಕ್ತ ವ್ಯಾಪಾರ ಮುಂದುವರಿಯಿತು. ಆದರೆ ಎರಡನೆಯ ವಿಧಿ ಮಾತ್ರ 1910ರ ಮಾತನ್ನೇ ಉಳಿಸಿಕೊಂಡಿತು. ‘ಬ್ರಿಟಿಷ್ ಸರ್ಕಾರ’ ಎಂದಿದ್ದಲ್ಲಿ ‘ಭಾರತ ಸರ್ಕಾರ’ ಎಂದಾಯಿತು. ವಸಾಹತುಶಾಹಿಯನ್ನು ಎದುರಿಸಿ ಹುಟ್ಟಿದ ರಾಷ್ಟ್ರವೊಂದು ಸಾಮ್ರಾಜ್ಯದ ಭಾಷೆಯನ್ನು ಹೀಗೆ ಉಳಿಸಿಕೊಂಡಿದ್ದನ್ನು ವಿಮರ್ಶಕರು ಎತ್ತಿ ತೋರಿಸಿದ್ದಾರೆ. ಆ ಟೀಕೆಯಲ್ಲಿ ಹುರುಳಿದೆ. ಆದರೆ ವಿಚಾರ ಅಲ್ಲಿಗೇ ನಿಲ್ಲುವಂಥದಲ್ಲ.

ಭೂತಾನದ ಬದುಕು ಅಲ್ಲಿಯವರೆಗೆ ಬಹುಮಟ್ಟಿಗೆ ಉತ್ತರಾಭಿಮುಖವಾಗಿತ್ತು. ಧರ್ಮ, ವಿದ್ಯೆ, ವ್ಯಾಪಾರಗಳ ದಾರಿಗಳು ಟಿಬೆಟ್ಟಿನ ಕಡೆಗೆ ಹೋಗುತ್ತಿದ್ದವು. 1958ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಪಾರೋಗೆ ಹೋದಾಗ ಭಾರತದಿಂದ ನೇರವಾಗಿ ಮೋಟಾರು ರಸ್ತೆ ಇರಲಿಲ್ಲ. ಸಿಕ್ಕಿಂ ಮೂಲಕ ನಾಥು ಲಾ ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯನ್ನು ಹಾದು, ಬೆಟ್ಟದ ದಾರಿಯಲ್ಲಿ ಸವಾರಿ ಮಾಡಿ ಭೂತಾನವನ್ನು ಮುಟ್ಟಬೇಕಾಯಿತು. ಭಾರತದ ಪ್ರಧಾನಿಯೊಬ್ಬರು ತಮ್ಮ ನೆರೆರಾಷ್ಟ್ರಕ್ಕೆ ಹೋಗಲು ಚೀನದ ಆಳ್ವಿಕೆಯಲ್ಲಿದ್ದ ನೆಲವನ್ನು ತುಳಿಯಬೇಕಾಗಿತ್ತೆಂಬ ಸಂಗತಿ ಅಂದಿನ ಸ್ಥಿತಿಯನ್ನು ಸ್ಪಷ್ಟಪಡಿಸುತ್ತದೆ. 1959ರಲ್ಲಿ ಲ್ಹಾಸಾದಲ್ಲಿ ದಂಗೆಯಾಗಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದರು. 1960ರಲ್ಲಿ ಭೂತಾನ ತನ್ನ ಉತ್ತರದ ಗಡಿಯನ್ನು ಮುಚ್ಚಿತು. ಶತಮಾನಗಳ ವ್ಯಾಪಾರಮಾರ್ಗ ಹೀಗೆ ನಿಂತುಹೋದ ಮೇಲೆ ದಕ್ಷಿಣದ ದಾರಿಯೊಂದೇ ಉಳಿಯಿತು. ಭೂತಾನವನ್ನು ಭಾರತದ ಕಡೆಗೆ ತಿರುಗಿಸಿದ ನಿರ್ಣಾಯಕ ಘಟನೆ 1949ರ ಸಹಿಗಿಂತ 1960ರ ಈ ಗಡಿಮುಚ್ಚುಗೆಯೇ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯ ಅರಸರಾದ ಜಿಗ್ಮೆ ದೋರ್ಜಿ ವಾಂಗ್‌ಚುಕ್ ಅವರು ಈ ಅನಿವಾರ್ಯವನ್ನು ಅವಕಾಶವಾಗಿ ಮಾರ್ಪಡಿಸಿಕೊಂಡರು. 1961ರಲ್ಲಿ ಭಾರತದ ಗಡಿ ರಸ್ತೆ ಸಂಘಟನೆಯ ‘ದಂತಕ್’ ಯೋಜನೆ ಆರಂಭವಾಯಿತು. ಗಡಿಯ ಫುಂಟ್ಶೋಲಿಂಗಿನಿಂದ ಥಿಂಫುವಿನವರೆಗಿನ ಸುಮಾರು 175 ಕಿಲೋಮೀಟರು ರಸ್ತೆ 1962ರ ಹೊತ್ತಿಗೆ ಸಂಚಾರಕ್ಕೆ ತೆರೆಯಿತು. ಹಲವು ದಿನಗಳ ಹೇಸರಗತ್ತೆಯ ಪ್ರಯಾಣ ಗಂಟೆಗಳ ಲೆಕ್ಕಕ್ಕೆ ಇಳಿಯಿತು. ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಭೂತಾನದ ಮನೆಮನೆಗಳಿಂದ ಕಡ್ಡಾಯ ದುಡಿಮೆ ಬಂದಿತು; ಭಾರತ ಮತ್ತು ನೇಪಾಳಗಳ ಕೂಲಿಕಾರರೂ ಅಲ್ಲಿ ಬೆವರು ಸುರಿಸಿದರು. ಮುಂದಿನ ದಶಕಗಳಲ್ಲಿ ಆ ದೇಶದ ರಸ್ತೆಗಳ ನಿರ್ಮಾಣದಲ್ಲಿ ದಂತಕ್‌ನ ಸಾವಿರಕ್ಕೂ ಮಿಕ್ಕ ಸಿಬ್ಬಂದಿ ಪ್ರಾಣ ತೆತ್ತಿದ್ದಾರೆ.

ಅದೇ 1961ರಲ್ಲಿ ಆರಂಭವಾದ ಭೂತಾನದ ಪ್ರಥಮ ಪಂಚವಾರ್ಷಿಕ ಯೋಜನೆಗೆ ಸುಮಾರು 17.5 ಕೋಟಿ ರೂಪಾಯಿಗಳನ್ನೂ 1966ರ ದ್ವಿತೀಯ ಯೋಜನೆಗೆ ಸುಮಾರು 20 ಕೋಟಿಗಳನ್ನೂ ಸಂಪೂರ್ಣವಾಗಿ ಭಾರತವೇ ಒದಗಿಸಿತು. ಹಣ ಪೂರ್ತಿ ನೆರೆಯವರದಾಗಿದ್ದ ಈ ದಶಕದಲ್ಲಿಯೇ ಭೂತಾನದ ಅಂತರರಾಷ್ಟ್ರೀಯ ವ್ಯಕ್ತಿತ್ವವೂ ರೂಪುಗೊಂಡಿತೆಂಬುದು ಗಮನಾರ್ಹ. 1962ರಲ್ಲಿ ಕೊಲಂಬೊ ಯೋಜನೆ, 1969ರಲ್ಲಿ ವಿಶ್ವ ಅಂಚೆ ಒಕ್ಕೂಟ, 1971ರಲ್ಲಿ ಸಂಯುಕ್ತ ರಾಷ್ಟ್ರ ಸಂಸ್ಥೆ, ಹೀಗೆ ಅದರ ಸದಸ್ಯತ್ವ ವಿಸ್ತರಿಸುತ್ತ ಹೋಯಿತು. 1968ರಲ್ಲಿ ಭಾರತದ ನಿವಾಸಿ ಪ್ರತಿನಿಧಿ ಥಿಂಫುವಿಗೆ ಬಂದರು. ವಿಶ್ವಸಂಸ್ಥೆಯ ಪ್ರವೇಶಕ್ಕೆ ಭಾರತವೇ ಬೆಂಬಲ ನೀಡಿತು. 1979ರ ಹವಾನಾ ಅಲಿಪ್ತ ಸಮ್ಮೇಳನದಲ್ಲಿ ಕಂಪೂಚಿಯಾದ ಪ್ರಶ್ನೆಯ ಬಗೆಗೆ ಭೂತಾನ ಭಾರತದ ನಿಲುವಿಗಿಂತ ಭಿನ್ನವಾದ ನಿಲುವನ್ನು ತಳೆಯಿತು. 1984ರಿಂದ ಚೀನದೊಡನೆ ಗಡಿಯ ವಿಚಾರವಾಗಿ ತಾನೇ ನೇರ ಮಾತುಕತೆ ಆರಂಭಿಸಿತು. ಎರಡನೆಯ ವಿಧಿ ಕಾಗದದ ಮೇಲೆ ಹಾಗೆಯೇ ಇತ್ತು. ಸಲಹೆಯನ್ನು ಕೇಳುವುದು ಬೇರೆ, ಅದಕ್ಕೆ ಕಟ್ಟುಬೀಳುವುದು ಬೇರೆ ಎಂಬ ಅರ್ಥವನ್ನು ಭೂತಾನವು ತನ್ನ ಆಚರಣೆಯಿಂದಲೇ ಆ ವಿಧಿಗೆ ಕೊಡುತ್ತ ಬಂದಿತು.

ಅಭಿವೃದ್ಧಿ ಸಹಕಾರದ ಸ್ವರೂಪ ಬದಲಾದದ್ದು ಚುಖಾ ಯೋಜನೆಯಿಂದ. 1974ರಲ್ಲಿ ಒಪ್ಪಂದವಾದ, ವಾಂಗ್‌ಛು ನದಿಯ ಈ 336 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆಗೆ ಸುಮಾರು 246 ಕೋಟಿ ರೂಪಾಯಿ ವೆಚ್ಚವಾಯಿತು. ಇದರ ಶೇಕಡಾ 60 ಭಾಗ ಅನುದಾನ; ಉಳಿದ 40 ಭಾಗ ಶೇಕಡಾ 5ರ ಬಡ್ಡಿಯ ಸಾಲ. 1986ರಿಂದ 1988ರೊಳಗೆ ನಾಲ್ಕು ಘಟಕಗಳು ಚಾಲನೆಗೆ ಬಂದವು. ದೇಶದ ಬಳಕೆಗೆ ಮಿಕ್ಕ ವಿದ್ಯುತ್ತನ್ನೆಲ್ಲ ಭಾರತ ಕೊಳ್ಳಬೇಕೆಂಬುದು ಕರಾರು. ಅಲ್ಲಿಯವರೆಗೆ ನೆರವನ್ನು ಸ್ವೀಕರಿಸುತ್ತಿದ್ದ ದೇಶ ಈಗ ಮಾರಾಟಗಾರನಾಯಿತು. ದುವಾರ್ ಪ್ರದೇಶವನ್ನು ಕಳೆದುಕೊಂಡದ್ದಕ್ಕೆ ಪಡೆಯುತ್ತಿದ್ದ ವಾರ್ಷಿಕ ಹಣಕ್ಕೂ ತನ್ನ ನದಿಯಿಂದ ಉತ್ಪಾದಿಸಿ ಮಾರಿದ ವಿದ್ಯುತ್ತಿನ ಹಣಕ್ಕೂ ಘನತೆಯಲ್ಲಿ ಅಂತರವಿದೆ.

ಆದರೆ ಈ ಕಥನಕ್ಕೆ ಇನ್ನೊಂದು ಮುಖವೂ ಇದೆ. 2006–07ರಲ್ಲಿ ಚಾಲನೆಗೊಂಡ 1,020 ಮೆಗಾವ್ಯಾಟಿನ ತಾಲಾ ಯೋಜನೆಯವರೆಗೆ 60:40ರ ಪ್ರಮಾಣವೇ ನಡೆಯಿತು. ಅನಂತರ ಪುನಾತ್ಸಾಂಗ್‌ಛು ಮೊದಲನೆಯ ಯೋಜನೆಯಲ್ಲಿ ಅನುದಾನ ಶೇಕಡಾ 40ಕ್ಕೂ, ಎರಡನೆಯದರಲ್ಲಿ ಮತ್ತು 2019ರಲ್ಲಿ ಉದ್ಘಾಟನೆಗೊಂಡ 720 ಮೆಗಾವ್ಯಾಟಿನ ಮಾಂಗ್‌ದೇಛುವಿನಲ್ಲಿ ಶೇಕಡಾ 30ಕ್ಕೂ ಇಳಿಯಿತು, ಬಡ್ಡಿ ಏರಿತು. 2020ರೊಳಗೆ 10,000 ಮೆಗಾವ್ಯಾಟ್ ಎಂಬ ಉಭಯರ ಗುರಿ ಈಡೇರಲಿಲ್ಲ. ಪುನಾತ್ಸಾಂಗ್‌ಛು ಮೊದಲನೆಯ ಯೋಜನೆಯ ಅಣೆಕಟ್ಟಿನ ಸ್ಥಳದಲ್ಲಿ 2013ರಲ್ಲಿ ಗುಡ್ಡ ಜಾರಿ ಕಾಮಗಾರಿ ವರ್ಷಗಟ್ಟಲೆ ಹಿಂದೆ ಬಿದ್ದಿತು. ವೆಚ್ಚದೊಡನೆ ಸಾಲವೂ ಬೆಳೆಯಿತು. ಹರಿಯುವ ನೀರನ್ನೇ ನೆಚ್ಚಿದ ಈ ಯೋಜನೆಗಳು ಚಳಿಗಾಲದಲ್ಲಿ ಬಡವಾಗುವುದರಿಂದ ಇತ್ತೀಚಿನ ವರ್ಷಗಳಲ್ಲಿ ಭೂತಾನ ಆ ಋತುವಿನಲ್ಲಿ ಭಾರತದಿಂದಲೇ ವಿದ್ಯುತ್ ಕೊಳ್ಳಬೇಕಾಗಿ ಬಂದಿದೆ.

ಪಠ್ಯ ಕೊನೆಗೆ ಬದಲಾದದ್ದು 2007ರ ಫೆಬ್ರವರಿಯಲ್ಲಿ. ದೆಹಲಿಯಲ್ಲಿ ಸಹಿಯಾದ ಹೊಸ ಮೈತ್ರಿ ಒಪ್ಪಂದದ ಎರಡನೆಯ ವಿಧಿಯಲ್ಲಿ ‘ಸಲಹೆ’ ಎಂಬುದು ಹೋಯಿತು. ರಾಷ್ಟ್ರೀಯ ಹಿತಾಸಕ್ತಿಯ ವಿಷಯಗಳಲ್ಲಿ ಉಭಯರೂ ನಿಕಟವಾಗಿ ಸಹಕರಿಸುವುದು, ತನ್ನ ನೆಲವನ್ನು ಇನ್ನೊಬ್ಬರ ಭದ್ರತೆಗೆ ಹಾನಿಯಾಗುವಂತೆ ಬಳಸಗೊಡದಿರುವುದು ಎಂಬ ಪರಸ್ಪರ ಹೊಣೆಗಾರಿಕೆ ಅದರ ಸ್ಥಾನಕ್ಕೆ ಬಂದಿತು. ಮರುವರ್ಷ ಭೂತಾನ ಚುನಾವಣೆಯನ್ನೂ ಸಂವಿಧಾನವನ್ನೂ ಕಂಡಿತು. ಆದರೆ ಸಮಾನತೆಯ ಮಾತು ಬರೆದ ಮಾತ್ರಕ್ಕೆ ಅಸಮಾನತೆ ಅಳಿಯಲಿಲ್ಲ. 2013ರ ಜುಲೈನಲ್ಲಿ, ಚುನಾವಣೆಯ ಎರಡು ಸುತ್ತುಗಳ ನಡುವೆ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗಳ ಮೇಲಿನ ಸಹಾಯಧನವನ್ನು ಭಾರತ ನಿಲ್ಲಿಸಿತು. ಅದು ಬೇಗನೆ ಮರಳಿತಾದರೂ ಹೊಸ ಒಪ್ಪಂದದ ಮಿತಿ ಥಿಂಫುವಿನ ಒಲೆಗಳ ಮುಂದೆ ತಿಳಿದುಹೋಯಿತು. 2017ರಲ್ಲಿ ದೊಕ್ಲಾಮ್ ಪ್ರಸ್ಥಭೂಮಿಯಲ್ಲಿ ಚೀನದ ರಸ್ತೆ ಕಾಮಗಾರಿಯನ್ನು ಭಾರತದ ಸೈನಿಕರು ತಡೆದಾಗ, ಎರಡು ತಿಂಗಳಿಗೂ ಮಿಕ್ಕ ಆ ಬಿಕ್ಕಟ್ಟಿನಲ್ಲಿ ಭೂತಾನ ಚೀನಕ್ಕೆ ತನ್ನ ಆಕ್ಷೇಪಣೆಯನ್ನು ತನ್ನದೇ ಹೇಳಿಕೆಯ ಮೂಲಕ ದಾಖಲಿಸಿತು. ಹೇಳಿಕೆ ಮಿತವಾಗಿತ್ತು; ಎರಡು ದೊಡ್ಡ ನೆರೆಯವರ ನಡುವೆ ಸಣ್ಣ ದೇಶವೊಂದು ಕಾಯ್ದುಕೊಳ್ಳಬೇಕಾದ ಮಾತಿನ ಎಚ್ಚರ ಅದರಲ್ಲಿ ಕಾಣುತ್ತದೆ.

ಈ ಎರಡು ಸಾಲುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ತೋರುವುದಿಷ್ಟು. ಒಪ್ಪಂದದ ಭಾಷೆ ಅಧೀನತೆಯನ್ನು ಹೇಳುತ್ತಿದ್ದಾಗ ಹಣ ಅನುದಾನವಾಗಿ ಬಂದಿತು, ಮತ್ತು ಅದೇ ಕಾಲದಲ್ಲಿ ಭೂತಾನ ಲೋಕದಲ್ಲಿ ತನ್ನ ಸ್ಥಾನವನ್ನು ಗಳಿಸಿಕೊಂಡಿತು. ಒಪ್ಪಂದದ ಭಾಷೆ ಸಮಾನತೆಗೆ ಏರಿದಾಗ ಹಣ ಸಾಲವಾಗಿ ಮಾರ್ಪಟ್ಟಿತು. ರಾಜಕೀಯ ಅಧೀನತೆ ತಗ್ಗಿದಂತೆ ಆರ್ಥಿಕ ಹೊಣೆ ಹೆಚ್ಚಿತು. ಇದನ್ನು ಕೇವಲ ಔದಾರ್ಯವೆಂದು ಹೊಗಳುವುದೂ ಕೇವಲ ಯಜಮಾನಿಕೆಯೆಂದು ತೆಗಳುವುದೂ ಆಕರಗಳಿಗೆ ನ್ಯಾಯ ಒದಗಿಸುವುದಿಲ್ಲ. ನೆರೆರಾಷ್ಟ್ರಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಹೊರನಾಡಿನ ಸಂಶೋಧಕರು ಒಪ್ಪಂದದ ವಿಧಿಯ ಪಕ್ಕದಲ್ಲಿ ಸಾಲದ ಬಡ್ಡಿಯನ್ನೂ, ರಾಜಧಾನಿಯ ಸಹಿಯ ಪಕ್ಕದಲ್ಲಿ ಬೆಟ್ಟದ ರಸ್ತೆಯ ಕೂಲಿಯನ್ನೂ ಇಟ್ಟು ಓದಿದರೆ, ಮಾತಿಗೂ ನಡತೆಗೂ ಇರುವ ಅಂತರವನ್ನು ಅಳೆಯುವ ಒಂದು ಕ್ರಮ ನಮಗೆ ದೊರೆತೀತು.