ಹಿಪ್ಪುನೇರಳೆ ಮರದ ಕೆಳಗಿನ ಊಟ



ಇತಿಹಾಸದ ಮೇಷ್ಟರಿಗೆ ಊಟದ ಎಲೆಯ ಮುಂದೆ ಕುಳಿತಾಗಲೂ ಇಸವಿಗಳೇ ಕಾಣುತ್ತವೆ ಎಂದು ನಮ್ಮ ಮನೆಯಲ್ಲಿ ಹಾಸ್ಯ ಮಾಡುವುದುಂಟು. ಅದು ಸುಳ್ಳಲ್ಲ. 2023ರ ಸೆಪ್ಟೆಂಬರಿನಲ್ಲಿ ಮಗಳು ಮತ್ತು ಅಳಿಯನ ಜೊತೆ ಗ್ರೀಸ್ ದೇಶದ ಲೆಸ್ಬೋಸ್ ದ್ವೀಪಕ್ಕೆ ಹೋಗುವ ಯೋಗ ನನಗೆ ಒದಗಿತು. ಅಲ್ಲಿ ಒಂದು ಮಧ್ಯಾಹ್ನ ಮಾಡಿದ ಊಟ, ನಾನು ತರಗತಿಯಲ್ಲಿ ಅನೇಕ ವರ್ಷ ಮಾಡಿದ ಒಂದು ಪಾಠದ ಕೊರತೆಯನ್ನು ನನಗೆ ತೋರಿಸಿಕೊಟ್ಟಿತು. ಆ ಕೊರತೆಯನ್ನು ತುಂಬಿಕೊಡುವುದು ಈ ಬರಹದ ಉದ್ದೇಶ.

ಲೆಸ್ಬೋಸ್ ಗ್ರೀಸಿನ ದ್ವೀಪಗಳಲ್ಲಿ ಮೂರನೆಯ ದೊಡ್ಡ ದ್ವೀಪ. ಅದರ ಉತ್ತರ ಕರಾವಳಿಯಲ್ಲಿ ಸ್ಕಾಲಾ ಸಿಕಮ್ನಿಯಾಸ್ ಎಂಬ ಪುಟ್ಟ ಬಂದರಿದೆ. ‘ಸ್ಕಾಲಾ’ ಎಂದರೆ ದೋಣಿ ತಂಗುವ ಕಟ್ಟೆ; ‘ಸಿಕಮ್ನಿಯಾ’ ಎಂದರೆ ನಮ್ಮ ರೇಷ್ಮೆ ಬೆಳೆಗಾರರಿಗೆಲ್ಲ ಚಿರಪರಿಚಿತವಾದ ಹಿಪ್ಪುನೇರಳೆ. ಮೇಲಿನ ಗುಡ್ಡದಲ್ಲಿ ಮೂಲ ಗ್ರಾಮ, ಕೆಳಗೆ ನೀರಿನ ಅಂಚಿನಲ್ಲಿ ಅದರ ಬಂದರು. ಬಂಡೆಯ ಮೇಲೆ ಸುಣ್ಣ ಬಳಿದ ಒಂದು ಪುಟ್ಟ ಪ್ರಾರ್ಥನಾ ಮಂದಿರ, ನಾಲ್ಕಾರು ಮೀನುಗಾರಿಕೆಯ ದೋಣಿಗಳು, ದಡದಲ್ಲಿ ಹಿಪ್ಪುನೇರಳೆಯ ನೆರಳು. ಆ ನೆರಳಿನಲ್ಲೇ ತವೆರ್ನಾದ ಮೇಜುಗಳು.

ತವೆರ್ನಾ ಎಂಬುದು ಲ್ಯಾಟಿನ್ನಿನ ‘ತಬೆರ್ನಾ’ದಿಂದ, ಅಂದರೆ ಅಂಗಡಿ ಅಥವಾ ಪಾನಗೃಹ ಎಂಬರ್ಥದ ಶಬ್ದದಿಂದ ಬಂದದ್ದು. ಇಂತಹ ಕಡೆ ಆಡಂಬರವಿಲ್ಲ. ಮರದ ಕುರ್ಚಿಗಳು, ಗಾಳಿಗೆ ಹಾರದಂತೆ ಕ್ಲಿಪ್ಪು ಹಾಕಿದ ಕಾಗದದ ಮೇಜುಹಾಸು, ಹಗ್ಗದ ಮೇಲೆ ಬಟ್ಟೆಯಂತೆ ಒಣಹಾಕಿದ ಆಕ್ಟೋಪಸ್. ಮೀನನ್ನು ನಾವೇ ಒಳಗೆ ಹೋಗಿ ನೋಡಿ ಆರಿಸಬಹುದು. ತೂಕ ಮಾಡಿ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಬಳಿಕ ಕೆಂಡದ ಮೇಲೆ ಸುಟ್ಟು, ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಂದಿಡುತ್ತಾರೆ. ಮಸಾಲೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೂತಾಯಿಯ ಸೋದರಸಂಬಂಧಿಯಾದ ಸಾರ್ಡೀನ್ ಈ ದ್ವೀಪದ ಹೆಮ್ಮೆ. ದ್ವೀಪದ ನಡುವಿನ ಕಲ್ಲೋನಿ ಕೊಲ್ಲಿಯಲ್ಲಿ ಅದನ್ನು ಹಿಡಿದು, ಉಪ್ಪು ಬೆರೆಸಿಟ್ಟು, ಕೆಲವೇ ಗಂಟೆಗಳಲ್ಲಿ ಹಸಿಯಾಗಿಯೇ ತಿನ್ನುವ ಪದ್ಧತಿಯೂ ಅಲ್ಲಿದೆ. ನನಗೆ ಅಷ್ಟು ಧೈರ್ಯ ಸಾಲದೆ ಸುಟ್ಟದ್ದನ್ನೇ ತರಿಸಿಕೊಂಡೆ.

ಗ್ರೀಕ್ ಭಾಷೆಯಲ್ಲಿ ಮೀನಿಗೆ ‘ಪ್ಸಾರಿ’ ಎನ್ನುತ್ತಾರೆ. ಈ ಶಬ್ದದ ಚರಿತ್ರೆ ಸ್ವಾರಸ್ಯಕರವಾದುದು. ಪ್ರಾಚೀನ ಗ್ರೀಕರಿಗೆ ಊಟವೆಂದರೆ ಮುಖ್ಯವಾಗಿ ಧಾನ್ಯ; ಅದರೊಡನೆ ನೆಂಚಿಕೊಳ್ಳುವ ಯಾವುದೇ ಪದಾರ್ಥಕ್ಕೆ ‘ಓಪ್ಸೋನ್’ ಎನ್ನುತ್ತಿದ್ದರು. ನೆಂಚಿಕೊಳ್ಳುವ ಪದಾರ್ಥಗಳಲ್ಲೆಲ್ಲ ಮೀನೇ ಶ್ರೇಷ್ಠವೆನಿಸಿ, ಕಾಲಕ್ರಮದಲ್ಲಿ ಆ ಸಾಮಾನ್ಯ ನಾಮ ಮೀನಿಗೇ ಅಂಟಿಕೊಂಡಿತು. ‘ಓಪ್ಸಾರಿಯೋನ್’ ಎಂದಾಗಿ, ಸವೆದು ‘ಪ್ಸಾರಿ’ ಆಯಿತು. ಅನ್ನಕ್ಕೆ ನೆಂಚಿಕೊಳ್ಳಲು ಏನಿದೆ ಎಂದು ಕೇಳುವ ನಮಗೆ ಈ ಅರ್ಥವಿಕಾಸ ಸುಲಭವಾಗಿ ತಿಳಿಯುತ್ತದೆ.

ನಾವು ಕುಳಿತಿದ್ದ ಮೇಜಿನಿಂದ ಎದುರು ದಡ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಟರ್ಕಿ. ನಡುವಿನ ಜಲಸಂಧಿಯ ಅಗಲ ಸುಮಾರು 10 ಕಿಲೋಮೀಟರ್ ಮಾತ್ರ. ಆ ದಡದಲ್ಲಿ ಅಸ್ಸೋಸ್ ಎಂಬ ಪ್ರಾಚೀನ ನಗರವಿದೆ. ಕ್ರಿ.ಪೂ. 347ರಲ್ಲಿ ಗುರು ಪ್ಲೇಟೋ ತೀರಿಕೊಂಡ ಬಳಿಕ ಅಥೆನ್ಸ್ ತೊರೆದ ಅರಿಸ್ಟಾಟಲ್ ಕೆಲವು ವರ್ಷ ಅಲ್ಲಿದ್ದು, ನಂತರ ಈ ನೀರನ್ನು ದಾಟಿ ಲೆಸ್ಬೋಸಿಗೆ ಬಂದನು. ಅವನ ಸಂಗಾತಿ, ಸಸ್ಯಶಾಸ್ತ್ರದ ಪಿತಾಮಹನೆನಿಸಿದ ಥಿಯೋಫ್ರಾಸ್ಟಸ್, ಇದೇ ದ್ವೀಪದ ಎರೆಸೋಸಿನವನು. ಇಂದು ಕಲ್ಲೋನಿ ಎನ್ನುವ ಕೊಲ್ಲಿಯನ್ನು ಅರಿಸ್ಟಾಟಲ್ ಪಿರ್ರಾ ಎಂಬ ಪಟ್ಟಣದ ಹೆಸರಿನಿಂದ ಕರೆದು, ಅಲ್ಲಿನ ಜಲಚರಗಳನ್ನು ಕುರಿತು ತನ್ನ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ಬರೆದಿದ್ದಾನೆ. ನೀರಿಗೆ ಇಳಿಬಿಟ್ಟ ಮನುಷ್ಯನ ಕೈಯ ಬಳಿಗೇ ಬರುವುದರಿಂದ ಆಕ್ಟೋಪಸ್ ಮಂದಬುದ್ಧಿಯದೆಂದು ಅವನ ಅಭಿಪ್ರಾಯ. ಅದು ಬಣ್ಣ ಬದಲಿಸುವುದನ್ನೂ ಗುರುತಿಸಿದ್ದನು. ಆ ಕೊಲ್ಲಿಯಲ್ಲಿ ಒಮ್ಮೆ ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಇಲ್ಲವಾದುದಕ್ಕೆ, ಬರದ ಜೊತೆಗೆ ಬೆಸ್ತರು ತಳವನ್ನು ಕೆರೆಯುತ್ತಿದ್ದ ಸಲಕರಣೆಯೂ ಕಾರಣವೆಂದು ಬರೆದಿದ್ದಾನೆ. ಅತಿಯಾದ ಮೀನುಗಾರಿಕೆಯ ದುಷ್ಪರಿಣಾಮವನ್ನು 2,300 ವರ್ಷಗಳಿಗೂ ಹಿಂದೆಯೇ ಒಬ್ಬನು ಗಮನಿಸಿದ್ದನೆಂಬುದು ವಿಚಾರಾರ್ಹ.

ಅರಿಸ್ಟಾಟಲ್ ಪ್ರಾಣಿಗಳನ್ನು ರಕ್ತವುಳ್ಳವು, ರಕ್ತವಿಲ್ಲದವು ಎಂದು ಎರಡಾಗಿ ವಿಂಗಡಿಸಿದನು. ಆಕ್ಟೋಪಸ್, ಬೊಂಡಾಸ್, ಸೀಗಡಿ, ಚಿಪ್ಪುಜೀವಿಗಳು ಎರಡನೆಯ ವರ್ಗಕ್ಕೆ ಸೇರಿದವು. ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸವನ್ನೂ, ಒಂದೆರಡು ಹಬ್ಬದ ದಿನಗಳ ಹೊರತು ಮೀನನ್ನೂ ಮುಟ್ಟುವುದಿಲ್ಲ; ಆದರೆ ರಕ್ತವಿಲ್ಲವೆಂದು ಭಾವಿಸಿರುವ ಆಕ್ಟೋಪಸ್, ಬೊಂಡಾಸ್‌ಗಳಿಗೆ ನಿಷೇಧವಿಲ್ಲ. ತತ್ತ್ವಜ್ಞಾನಿಯ ವಿಂಗಡಣೆಯೂ ಭಕ್ತರ ಅಡುಗೆಮನೆಯ ವಿಂಗಡಣೆಯೂ ಹೀಗೆ ಒಂದೇ ಗೆರೆಯಲ್ಲಿ ನಿಂತಿವೆ.

ಈಗ ನನ್ನ ಪಾಠದ ಕೊರತೆಯ ವಿಷಯಕ್ಕೆ ಬರುತ್ತೇನೆ. ಮೊದಲನೆಯ ಮಹಾಯುದ್ಧದ ಪಾಠದಲ್ಲಿ ನಿಮಗೆಲ್ಲ ನಾನು ಬರೆಸುತ್ತಿದ್ದ ಟಿಪ್ಪಣಿ ನೆನಪಿರಬಹುದು: “ಸೆವ್ರ್ ಒಪ್ಪಂದ 1920, ಲೌಸಾನ್ ಒಪ್ಪಂದ 1923.” ಒಂದು ಅಂಕದ ಪ್ರಶ್ನೆ, ಒಂದು ಸಾಲಿನ ಉತ್ತರ. ಅದರಾಚೆಗೆ ನಾನು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಓದಿರಲಿಲ್ಲ.

ಆ ಸಾಲಿನ ಹಿಂದೆ ಇದ್ದದ್ದು ಇದು. 1462ರಿಂದ 1912ರವರೆಗೆ ಲೆಸ್ಬೋಸ್ ಆಟೋಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಎರಡೂ ದಡಗಳಲ್ಲಿ ಕ್ರೈಸ್ತರೂ ಇದ್ದರು, ಮುಸ್ಲಿಮರೂ ಇದ್ದರು. 1919ರಲ್ಲಿ ಗ್ರೀಕ್ ಸೇನೆ ಏಷ್ಯಾ ಮೈನರಿನಲ್ಲಿ ಇಳಿದು ಯುದ್ಧ ಹೂಡಿ, 1922ರಲ್ಲಿ ಸೋತಿತು. ಆ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ನಗರ ಹೊತ್ತಿ ಉರಿಯಿತು. ಎದುರು ದಡದ ಐವಾಲಿಕ್ ಪಟ್ಟಣದ ಗ್ರೀಕ್ ಗಂಡಸರನ್ನು ದುಡಿಮೆಯ ಪಡೆಗಳಿಗೆ ಸೇರಿಸಿ ಒಳನಾಡಿಗೆ ಒಯ್ದರು. ಅವರಲ್ಲಿ ಬಹುಪಾಲು ಮಂದಿ ಮರಳಲಿಲ್ಲ. ಹೆಂಗಸರು, ಮಕ್ಕಳು, ಮುದುಕರು ದೋಣಿ, ಹಡಗುಗಳಲ್ಲಿ ಲೆಸ್ಬೋಸಿಗೆ ಬಂದಿಳಿದರು. 1923ರ ಜನವರಿ 30ರಂದು ಲೌಸಾನಿನಲ್ಲಿ ಸಹಿಯಾದ ಒಡಂಬಡಿಕೆ ಜನರ ವಿನಿಮಯವನ್ನು ಕಡ್ಡಾಯಗೊಳಿಸಿತು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿನ ಪಾಲಿಗೆ, ಸುಮಾರು 4 ಲಕ್ಷ ಮುಸ್ಲಿಮರು ಟರ್ಕಿಯ ಪಾಲಿಗೆ ಬಂದರು. ಆಧಾರ ಭಾಷೆಯಲ್ಲ, ಧರ್ಮ. ತುರ್ಕಿ ಭಾಷೆಯನ್ನೇ ಆಡುತ್ತಿದ್ದ ಕ್ರೈಸ್ತರು ಗ್ರೀಸಿಗೆ, ಗ್ರೀಕನ್ನೇ ಆಡುತ್ತಿದ್ದ ಕ್ರೀಟಿನ ಮುಸ್ಲಿಮರು ಟರ್ಕಿಗೆ ಹೋಗಬೇಕಾಯಿತು. ಹೋಗುತ್ತೀರಾ ಎಂದು ಅವರನ್ನು ಯಾರೂ ಕೇಳಲಿಲ್ಲ. ಲೆಸ್ಬೋಸಿನ ಮುಸ್ಲಿಮರಲ್ಲಿ ಅನೇಕರು ಐವಾಲಿಕ್ಕಿನ ಖಾಲಿ ಮನೆಗಳಲ್ಲಿ ನೆಲೆಸಿದರು.

ನಾವು ಊಟಕ್ಕೆ ಕುಳಿತಿದ್ದ ಆ ಬಂದರು ಹೀಗೆ ಬಂದ ನಿರಾಶ್ರಿತರು ನೆಲೆಗೊಂಡ ಜಾಗ. ಮೇಲಿನ ಸಿಕಮ್ನಿಯಾದಲ್ಲಿ ಹುಟ್ಟಿದ ಸಾಹಿತಿ ಸ್ತ್ರಾತಿಸ್ ಮಿರಿವಿಲಿಸ್ 1949ರಲ್ಲಿ ಪ್ರಕಟಿಸಿದ ‘ಮತ್ಸ್ಯಕನ್ಯೆ ಮಾತೆ ಮೇರಿ’ ಎಂಬರ್ಥದ ಹೆಸರಿನ ಕಾದಂಬರಿ ಈ ನಿರಾಶ್ರಿತರ ಬದುಕನ್ನೇ ಕುರಿತದ್ದು. ಬಂದವರು ಆಸ್ತಿ ತರಲಾರದೆ ರುಚಿಯನ್ನು ತಂದರು; ಸ್ಮಿರ್ನಾದ ಜೀರಿಗೆಯ ಘಮದ ಅಡುಗೆ ಗ್ರೀಸಿನ ಮನೆಗಳಿಗೆ ಬಂತು. ಸಣ್ಣ ತಟ್ಟೆಗಳ ತಿನಿಸಿಗೆ ಎರಡೂ ದಡಗಳಲ್ಲಿ ‘ಮೆಜೆ’ ಎಂದೇ ಹೆಸರು. ಗ್ರೀಕರ ಲವ್ರಾಕಿ ಮೀನು ತುರ್ಕರಿಗೆ ಲೆವ್ರೆಕ್, ತ್ಸಿಪೂರಾ ಅವರಿಗೆ ಚಿಪುರಾ, ಬರ್ಬೂನಿ ಅವರಿಗೆ ಬರ್ಬುನ್ಯಾ. ಮನುಷ್ಯರನ್ನು ವಿನಿಮಯ ಮಾಡಿದವರಿಗೆ ಮೀನಿನ ಹೆಸರುಗಳನ್ನು ಬೇರ್ಪಡಿಸಲಾಗಲಿಲ್ಲ.

ಇತಿಹಾಸ ಅಲ್ಲಿಗೇ ನಿಲ್ಲಲಿಲ್ಲ. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಇರಾಕುಗಳ ಯುದ್ಧಗಳಿಂದ ಓಡಿಬಂದವರು ಸಮುದ್ರ ದಾಟಿ ಗ್ರೀಸಿಗೆ ಬಂದರು. ಒಂದೇ ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಸುಮಾರು 5 ಲಕ್ಷ ಮಂದಿ ಬಂದಿಳಿದದ್ದು ಲೆಸ್ಬೋಸಿನಲ್ಲಿ, ಅದರಲ್ಲೂ ಈ ಉತ್ತರ ದಡದಲ್ಲಿ. ಗಾಳಿ ತುಂಬಿದ ರಬ್ಬರ್ ದೋಣಿಗಳು ಮಗುಚಿ ಅನೇಕರು ಮುಳುಗಿಹೋದರು. ಸ್ಕಾಲಾದ ಬೆಸ್ತರು ಬಲೆಯನ್ನು ಬಿಟ್ಟು ಮನುಷ್ಯರನ್ನು ಎತ್ತಲು ದೋಣಿ ಇಳಿಸಿದರು. ಆ ಹಳ್ಳಿಯ ಮೂವರು ಅಜ್ಜಿಯರು ಬೆಂಚಿನ ಮೇಲೆ ಕುಳಿತು, ನಿರಾಶ್ರಿತ ತಾಯಿಯ ಹಸುಗೂಸಿಗೆ ಬಾಟಲಿಯ ಹಾಲು ಕುಡಿಸುತ್ತಿರುವ ಛಾಯಾಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಂತಹವರು 1922ರಲ್ಲಿ ಇದೇ ನೀರನ್ನು ದಾಟಿ ಬಂದವರ ಪೀಳಿಗೆಯವರು. ಆದರೆ ಎಲ್ಲವೂ ಸುಂದರವಾಗಿ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಮರುವರ್ಷ ಪ್ರವಾಸಿಗರು ತೀರ ಕಡಿಮೆಯಾಗಿ ದ್ವೀಪದ ಜನ ಕಷ್ಟಪಟ್ಟರು. ಮೋರಿಯಾದ ಶಿಬಿರ ಮಿತಿಮೀರಿ ತುಂಬಿ, 2020ರ ಸೆಪ್ಟೆಂಬರಿನಲ್ಲಿ ಸುಟ್ಟುಹೋಯಿತು. ಅನುಕಂಪದ ಜಾಗದಲ್ಲಿ ಅಸಹನೆಯೂ ಬೆಳೆಯಿತು.

ಊಟ ಮುಗಿದ ಮೇಲೆ ತವೆರ್ನಾದ ಯಜಮಾನರನ್ನು, ನಿಮ್ಮ ಹಿರಿಯರು ಈ ಊರಿನವರೇ ಎಂದು ಮಗಳ ಮೂಲಕ ಕೇಳಿಸಿದೆ. ಅವರು ಮಾತನಾಡದೆ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎದುರು ದಡವನ್ನು ತೋರಿಸಿದರು. ನನ್ನ ಒಂದು ಅಂಕದ ಉತ್ತರ ನನ್ನೆದುರಿಗೇ ನಿಂತಿತ್ತು.

ನನ್ನ ಹಳೆಯ ಟಿಪ್ಪಣಿ ಪುಸ್ತಕ ನಿಮ್ಮಲ್ಲಿ ಯಾರ ಬಳಿಯಾದರೂ ಉಳಿದಿದ್ದರೆ, 1923ರ ಆ ಸಾಲಿನ ಕೆಳಗೆ ಇನ್ನೊಂದು ಸಾಲು ದಯವಿಟ್ಟು ಸೇರಿಸಿಕೊಳ್ಳಿ: “ಈ ಒಪ್ಪಂದದಿಂದ ಸುಮಾರು 16 ಲಕ್ಷ ಜನ ತಾವು ಹುಟ್ಟಿದ ಊರನ್ನು ಕಳೆದುಕೊಂಡರು.” ನಿಮ್ಮಲ್ಲಿ ಈಗ ಮೇಷ್ಟರಾಗಿರುವವರು ಅದನ್ನು ಮಕ್ಕಳಿಗೂ ಬರೆಸಿ. ಪರೀಕ್ಷೆಯಲ್ಲಿ ಅಂಕ ಬಾರದಿದ್ದರೂ ಚಿಂತೆಯಿಲ್ಲ.